ನರೋಡಾದಲ್ಲಿ ಒಂದು ಕಾಟುಕಲ್ಲಿನ ಕಟ್ಟೆ

ಸೂರತ್

ರೈಲಿನಲ್ಲಿ ನನ್ನೆದುರು ಕೂತಿದ್ದ ಸೂರತ್ತಿನ ಹಿರಿಯರೊಬ್ಬರು ಊಟದ ಡಬ್ಬಿ ಬಿಚ್ಚಿ, ಮೆಂತ್ಯಸೊಪ್ಪಿನ ಥೇಪ್ಲಾ ಒಂದನ್ನು ನನ್ನ ಕೈಗಿಟ್ಟರು. ಮೊದಲ ತುಂಡು ಬಾಯಿಗಿಡುವಷ್ಟರಲ್ಲಿ ನನ್ನ ಬುಟ್ಟಿಯ ಕೆಂಪಿರುವೆಗಳು ಅವರ ಪಾಯಿಜಾಮ ಹತ್ತಿದ್ದವು. ಬುಟ್ಟಿಯಲ್ಲಿದ್ದ ಕೇಪಳದ ಹೂಗಿಡದಲ್ಲಿ ಇರುವೆಗೂಡು ಇದ್ದದ್ದು ಹೊರಡುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಕಡೆಯವರಾಗಿದ್ದರೆ ಇರುವೆಯ ಜತೆಗೆ ನನ್ನ ವಂಶವನ್ನೂ ಜಾಡಿಸುತ್ತಿದ್ದರು. ಈ ಮನುಷ್ಯ ಎದ್ದು ನಿಂತು, ಪೇಪರಿನ ಹಾಳೆಯಲ್ಲಿ ಒಂದೊಂದೇ ಇರುವೆಯನ್ನು ಎತ್ತಿಕೊಂಡು, ರೈಲು ನಿಂತಾಗ ಇಳಿದು ಪ್ಲಾಟ್‌ಫಾರ್ಮಿನ ಮರದ ಬುಡದಲ್ಲಿ ಬಿಟ್ಟು ಬಂದರು. ಬಂದು ಕೂತ ಮೇಲೆ, ಆ ಮರ ಅವಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ಹಿಂದಿಯಲ್ಲಿ ಚಿಂತೆ ಮಾಡಿದರು. ಆಗ ನನಗೆ ಒಳಗೊಳಗೇ ನಗು ಬಂದಿತ್ತು. ಈಗ ಬರುವುದಿಲ್ಲ.

ಬುಟ್ಟಿಯ ಸಂಗತಿ ಹೇಳಬೇಕು. ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನನ್ನದೊಂದು ಸಣ್ಣ ನರ್ಸರಿ ಇದೆ. ಗಿಡ ಮಾರುವುದರ ಜತೆಗೆ ಕಾಟುಕಲ್ಲಿನ ಕಟ್ಟೆ ಕಟ್ಟಿಸಿಕೊಡುತ್ತೇನೆ. ಕಾಟುಕಲ್ಲು ಎಂದರೆ ಉಳಿ ತಾಗದ, ನೆಲದಲ್ಲಿ ಸಿಕ್ಕಿದ ಹಾಗೆಯೇ ಇರುವ ಕಲ್ಲು. ನಮ್ಮ ಕಡೆ ಕಾಟು ಎಂದರೆ ಕಾಡಿನದು, ಯಾರೂ ನೆಟ್ಟು ಸಾಕದ್ದು: ಕಾಟುಮಾವು, ಕಾಟುಹೂವು, ಕೆಲವು ಮನೆಗಳ ಅಳಿಯಂದಿರು. ಈ ಕಟ್ಟೆಗೆ ಮಣ್ಣಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಲ್ಲೇ ಕೂರಬೇಕು. ನಡುವಿನ ಸಂದಿಯಲ್ಲಿ ಓತಿ, ಅರಣೆ, ಮುಜಂಟಿ ಎನ್ನುವ ಕಚ್ಚದ ಪುಟ್ಟ ಜೇನು ಬಂದು ಸಂಸಾರ ಹೂಡುತ್ತವೆ. ಪಕ್ಕದಲ್ಲಿ ಹೂವಿನ ಗಿಡಗಳಿದ್ದರೆ ಜೇನಿಗೆ ಮನೆ ಮತ್ತು ಊಟ ಎರಡೂ ಒಂದೇ ಅಂಗಳದಲ್ಲಿ ಸಿಕ್ಕಿದ ಹಾಗೆ. ಈ ಕೆಲಸದಲ್ಲಿ ನನಗೆ ಸ್ವಲ್ಪ ಹೆಸರಿದೆ. ಹೆಸರಿಗಿಂತ ಜಂಬ ಹೆಚ್ಚು ಎಂದು ಗಂಡ ಹೇಳುತ್ತಾರೆ.

ನನ್ನನ್ನು ಗುಜರಾತಿಗೆ ಕರೆಸಿದವಳು ಅಕ್ಕನ ಮಗಳು ಅರ್ಪಿತಾ. ಅಕ್ಕ ಮದುವೆಯಾಗಿ ಸೂರತ್ತಿಗೆ ಬಂದವಳು. ಭಾವನದು ಅಡಾಜಣ್‌ನಲ್ಲಿ ಇಡ್ಲಿ ದೋಸೆಯ ಹೋಟೆಲು. ಅರ್ಪಿತಾ ಅಲ್ಲೇ ಹುಟ್ಟಿ ಬೆಳೆದು, ತೋಟಗಳ ನಕ್ಷೆ ಮಾಡುವ ವಿದ್ಯೆ ಕಲಿತು, ಅಹಮದಾಬಾದಿನಲ್ಲಿ ಗೆಳತಿಯರೊಂದಿಗೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಳೆ. ಸಂಬಳದ ಕೆಲಸ ಬಿಟ್ಟು ಸ್ವಂತಕ್ಕೆ ನಿಂತ ಮೇಲೆ ಅವಳಿಗೆ ಸಿಕ್ಕಿದ ಮೊದಲ ಕೆಲಸ, ನರೋಡಾದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಮುಂದಿನ ತೋಟ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು:

"ಚಿಕ್ಕಮ್ಮ, ಸ್ಟೋನ್ ಕಟ್ಟೆ ನೀವೇ ಬಂದು ಕಟ್ಟಿಸ್ಬೇಕು. ಮತ್ತೆ ಪ್ಲಾಂಟ್ಸ್ ಎಲ್ಲ ನೇಟಿವೇ ಬೇಕು. ಬೀಸ್, ಬಟರ್‌ಫ್ಲೈ ಬರುವಂಥದ್ದು."

"ಅಷ್ಟೇ ಅಲ್ವಾ ಮಾರಾಯ್ತಿ. ನಾನು ತರ್ತೇನೆ ಬಿಡು" ಎಂದೆ.

ಅವಳು ಇನ್ನೂ ಏನೋ ಹೇಳುತ್ತಿದ್ದಳು, ಲೈನು ಗರಗರ ಎಂದಿತು, ಇಟ್ಟುಬಿಟ್ಟೆ. ನೇಟಿವ್ ಎಂದರೆ ಊರು. ಬಸ್ಸಿನಲ್ಲೋ ಮದುವೆಮನೆಯಲ್ಲೋ "ನಿಮ್ಮ ನೇಟಿವ್ ಎಲ್ಲಿ" ಎಂದು ಕೇಳದೆ ಮಾತು ಶುರುಮಾಡುವ ಕನ್ನಡಿಗರನ್ನು ನಾನು ಕಂಡಿಲ್ಲ. ಪರವೂರಿನಲ್ಲಿ ಬೆಳೆದ ಹುಡುಗಿಗೆ ಊರಿನ ಗಿಡ ಬೇಕೆನಿಸಿತಲ್ಲ ಎಂದು ನನ್ನ ಕಣ್ಣು ತುಂಬಿತು. ಕೇಪಳ, ನೆಕ್ಕರೆ, ಈಶ್ವರ ಬಳ್ಳಿ ಎಂದು ಆರಿಸಿ ಆರಿಸಿ ಬುಟ್ಟಿ ತುಂಬಿಸಿದೆ. ಮೇಲೊಂದಿಷ್ಟು ತುಂಬೆ, ಲಕ್ಕಿ ಇಟ್ಟೆ.

ಅಡಾಜಣ್‌ನ ಮನೆಯಲ್ಲಿ ಅಕ್ಕ ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿ, ಒಂದು ಗೊಂಚಲು ಕೇಪಳ ಚಿವುಟಿ ಮುಡಿದುಕೊಂಡಳು. ಭಾವ ಸಕ್ಕರೆ ಹಾಕಿದ ಸಾಂಬಾರು ಬಡಿಸಿದರು. ಸಿಹಿ ಇಲ್ಲದಿದ್ದರೆ ಇಲ್ಲಿ ಗಿರಾಕಿ ಬಟ್ಟಲು ಹಿಂದಕ್ಕೆ ತಳ್ಳುತ್ತಾನಂತೆ. ಮೂವತ್ತು ವರ್ಷ ಹಾಗೆ ಮಾಡಿ ಮಾಡಿ ಈಗ ಅವರಿಗೂ ಊರಿನ ಸಾಂಬಾರು ಖಾರ ಎನಿಸುತ್ತದೆ. ಬಡಿಸುತ್ತಲೇ ಮಗಳ ಮಾತೆತ್ತಿದರು.

"ನೋಡು ಸರಸ, ಈ ಕೆಲಸ ಸರಿ ಆದ್ರೆ ನಾನು ಬಾಯಿ ಮುಚ್ತೇನೆ, ಅವಳು ಹೇಳಿದ ಹಾಗೇ ಆಗ್ಲಿ. ಇದು ಕೆಟ್ಟುಹೋದ್ರೆ ಬಂದು ಹೋಟೆಲಿನ ಗಲ್ಲದಲ್ಲಿ ದುಡ್ಡು ಎಣಿಸ್ತಾ ಕೂತ್ಕೊಳ್ಲಿ. ಅವಳೇ ಒಪ್ಪಿದ್ದಾಳೆ."

"ಕೆಡುದು ಎಂತಕ್ಕೆ ಭಾವ? ನಾನಿದ್ದೇನಲ್ಲ" ಎಂದೆ.

"ನೀನಿದ್ದೀ ಅಂತಲೇ ಧೈರ್ಯ" ಎಂದರು ಭಾವ.

ವಡೋದರಾ

ವಡ ಎಂದರೆ ಗುಜರಾತಿಯಲ್ಲಿ ಆಲದ ಮರವಂತೆ, ಊರಿನ ಹೆಸರು ಅದರಿಂದ ಬಂದದ್ದಂತೆ. ಹೋಟೆಲಿನವರ ನಾದಿನಿಯಾದ ನನಗೆ ಬೇರೇನೋ ನೆನಪಾಗಿತ್ತು. ಅರ್ಪಿತಾ ನನ್ನನ್ನು ನಿಲ್ದಾಣದಲ್ಲೇ ಎದುರುಗೊಂಡಳು. ಕೈಯಲ್ಲಿ ಮೊಬೈಲು, ಬಗಲಲ್ಲಿ ನಕ್ಷೆಯ ಕೊಳವೆ. ಬುಟ್ಟಿಯ ಮೇಲಿದ್ದ ತುಂಬೆ, ಲಕ್ಕಿ ನೋಡಿ, "ಓ, ನೇಟಿವ್. ಚಾಲ್ಸೇ ಚಿಕ್ಕಮ್ಮ" ಎಂದಳು. ಚಾಲ್ಸೇ ಎಂದರೆ ನಡೆಯುತ್ತದೆ, ಪರವಾಗಿಲ್ಲ ಎಂದು. ಗುಜರಾತಿಗಳು ಇದನ್ನು ನಾವು "ಆಯ್ತು ಮಾರಾಯ್ರೆ" ಎನ್ನುವಷ್ಟೇ ಸಲ ಹೇಳುತ್ತಾರೆ. ತುಂಬೆ, ಲಕ್ಕಿ ಎರಡೂ ಗುಜರಾತಿನ ಬಯಲಲ್ಲೂ ಬೆಳೆಯುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಅವುಗಳ ಕೆಳಗೆ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

ಕಲ್ಲು ಆರಿಸಲು ಊರ ಹೊರಗಿನ ಒಂದು ಕಲ್ಲಿನ ಅಂಗಡಿಗೆ ಹೋದೆವು. ಯಜಮಾನರು ಚಹಾವನ್ನು ಸಾಸರಿಗೆ ಸುರಿದು ಸೊರಸೊರ ಕುಡಿಯುತ್ತ, ಕನ್ನಡಿಯಂತೆ ಉಜ್ಜಿದ ಚಪ್ಪಡಿಗಳನ್ನು ತೋರಿಸಿದರು. ನಾನು ಹಿತ್ತಿಲಲ್ಲಿ ಬಿದ್ದಿದ್ದ ಒರಟು ಕಲ್ಲಿನ ರಾಶಿಯತ್ತ ಬೆರಳು ಮಾಡಿ, "ನಮಗೆ ಅದು. ಕಾಟು, ಕಾಟು" ಎಂದೆ. ಅವರು ತಲೆಯಾಡಿಸಿ ಒಳಗೆ ಕೂಗಿದರು. ಇಬ್ಬರು ಆಳುಗಳು ಬಂದು ಒಂದು ದೊಡ್ಡ ಕಲ್ಲನ್ನು ಯಂತ್ರದ ಗರಗಸಕ್ಕೆ ಕೊಟ್ಟೇಬಿಟ್ಟರು. ನಾನು ಬೊಬ್ಬೆ ಹಾಕಿದಷ್ಟೂ ಅವರು ಬೇಗ ಬೇಗ ಕೊಯ್ದರು. ಅರ್ಪಿತಾ ಓಡಿ ಬಂದು ನಿಲ್ಲಿಸಿದಳು.

"ಚಿಕ್ಕಮ್ಮ, ಕಾಟೋ ಅಂದ್ರೆ ಹಿಂದಿಯಲ್ಲಿ ಕಟ್ ಮಾಡಿ ಅಂತ. ಅದು ಹೇಳ್ಬೇಡಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಹಮದಾಬಾದಿನವರೆಗೂ ಆ ಕಥೆಯನ್ನು ಪಕ್ಕದ ಸೀಟಿನವರಿಗೆಲ್ಲ ನನ್ನ ಹರಕು ಹಿಂದಿಯಲ್ಲಿ ಹೇಳಿ ನಗಿಸಿದೆ. ನಕ್ಕವಳಿಗೆ ಬುದ್ಧಿ ಬಂದಿರಲಿಲ್ಲ, ಅಷ್ಟೇ.

ನರೋಡಾ

ನರೋಡಾದಲ್ಲಿ ಗಾಳಿಗೇ ಒಂದು ರುಚಿ ಇದೆ, ನಾಲಿಗೆಯ ಮೇಲೆ ಹಳೆಯ ನಾಣ್ಯ ಇಟ್ಟುಕೊಂಡ ಹಾಗೆ. ಕಾರ್ಖಾನೆಗಳ ಸಾಲಿನ ನಡುವೆ ನಮ್ಮ ಜಾಗ. ಒಡತಿ ಹಂಸಾಬೆನ್, ಬಿಳಿ ಸೀರೆಯ, ಮೆಲುದನಿಯ ಹೆಂಗಸು. ನನ್ನನ್ನು "ಸರಸಬೆನ್" ಎಂದು ಕರೆದು, ಇಷ್ಟು ದೂರದಿಂದ ಬಂದ ತಜ್ಞರು ಎಂದು ಕಾರ್ಖಾನೆಯವರಿಗೆಲ್ಲ ಪರಿಚಯಿಸಿದರು. ತಜ್ಞೆ ಸೆರಗು ಸರಿಮಾಡಿಕೊಂಡಳು.

ಗೇಟಿನ ಒಳಗೆ ಎಡಕ್ಕೆ ಒಂದಿಷ್ಟು ಪೊದೆ ಬೆಳೆದಿತ್ತು. ಸಣ್ಣ ಎಲೆ, ಹಳದಿ ಹೂ, ಬುಡದಲ್ಲಿ ಧೂಳು. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ. ನನ್ನ ಕಣ್ಣಿದ್ದದ್ದು ಅರ್ಪಿತಾಳ ನಕ್ಷೆಯ ಮೇಲೆ. ಕಟ್ಟೆ ಹಾವಿನಂತೆ ಬಳುಕಿಕೊಂಡು ಹೋಗಿತ್ತು, ಅದರ ಮಗ್ಗುಲಲ್ಲಿ ಹಸಿರು ವೃತ್ತಗಳು, ಒಂದೊಂದರ ಮೇಲೂ ಇಂಗ್ಲಿಷಿನಲ್ಲಿ ನೇಟಿವ್ ಎಂದು ಬರೆದಿತ್ತು. ನನ್ನ ಗಿಡಗಳಿಗೆ ಹುಡುಗಿ ಎಷ್ಟು ಪ್ರೀತಿಯಿಂದ ಜಾಗ ಗುರುತು ಮಾಡಿದ್ದಾಳೆ ಎಂದುಕೊಂಡೆ.

ಕೆಲಸಕ್ಕಿದ್ದವರು ದಾಹೋದ್ ಕಡೆಯ ಗಂಡುಹೆಣ್ಣುಗಳು, ಮೇಸ್ತ್ರಿ ಮಾನಸಿಂಗ್. ಅಡಿಪಾಯಕ್ಕೆ ದೊಡ್ಡ ಕಲ್ಲು, ಮೇಲೆ ಬರುತ್ತ ಕಟ್ಟೆ ಸ್ವಲ್ಪ ಒಳಕ್ಕೆ ವಾಲಬೇಕು, ನಡುನಡುವೆ ಇಡೀ ದಪ್ಪಕ್ಕೆ ಅಡ್ಡ ಬೀಳುವ ಉದ್ದ ಕಲ್ಲು. ಎಲ್ಲ ಕೈಸನ್ನೆಯಲ್ಲೇ ಕಲಿಸಿದೆ, ಅವರು ಬೇಗ ಕಲಿತರು. ಎರಡನೆಯ ದಿನ ಊಟ ಮುಗಿಸಿ ಬಂದು ನೋಡಿದರೆ, ಕಟ್ಟಿದಷ್ಟು ಭಾಗದ ಸಂದಿಗಳೆಲ್ಲ ಸಿಮೆಂಟಿನಿಂದ ನೀಟಾಗಿ ಮುಚ್ಚಿದ್ದವು. ಹಿಂದೊಮ್ಮೆ ದೊಡ್ಡ ಭೂಕಂಪವಾದ ಮೇಲೆ ಈ ಕಡೆ ಸಿಮೆಂಟಿಲ್ಲದ ಗೋಡೆ ಎಂದರೆ ಜನರಿಗೆ ಎದೆ ಝಲ್ಲೆನ್ನುತ್ತದೆ. ಪಾಪ, ಮುದುಕಿ ಮರೆತಿದ್ದಾಳೆ ಎಂದು ಉಪಕಾರ ಮಾಡಿದ್ದರು. ನಾನು ಮಾತ್ರ ಹಿಗ್ಗಾಮುಗ್ಗಾ ಬೈದೆ. ಕನ್ನಡದಲ್ಲಿ ಶುರುಮಾಡಿ ತುಳುವಿನಲ್ಲಿ ಮುಗಿಸಿದೆ. ಕೊನೆಗೆ ಹಿಂದಿಯಲ್ಲಿ, ನನ್ನನ್ನು ಕೇಳದೆ ಏನೂ ಮಾಡಕೂಡದು, ಪ್ರತಿಯೊಂದನ್ನೂ ಕೇಳಿಯೇ ಮಾಡಬೇಕು ಎಂದು ಅಪ್ಪಣೆ ಕೊಟ್ಟೆ. ಅವರು ಮರುಮಾತಾಡದೆ ಮೊಳೆ ಹಿಡಿದು, ಹಸಿ ಸಿಮೆಂಟನ್ನು ಸಂದಿ ಸಂದಿಯಿಂದ ಕೆರೆದು ತೆಗೆದರು. ಅರ್ಪಿತಾ ಪಕ್ಕದಲ್ಲಿ ನಿಂತು ಮುಖ ಸಣ್ಣ ಮಾಡಿಕೊಂಡಿದ್ದಳು.

ಮರುದಿನ ಅವಳು ನೀರಿನ ಪೈಪಿನ ಕೆಲಸಕ್ಕೆ ಪೇಟೆಯ ಇನ್ನೊಂದು ತುದಿಗೆ ಹೋದಳು. ಕಟ್ಟೆ ಮುಗಿಯುತ್ತ ಬಂದಿತ್ತು. ನಾನು ಕೋಲು ಹಿಡಿದು ಪೊದೆಗಳ ಕಡೆ ಬಂದೆ. ಇವುಗಳ ನಡುವೆ ನನ್ನ ಕೇಪಳ ಹೇಗೆ ನೆಡುವುದು ಎಂದು ಲೆಕ್ಕ ಹಾಕುತ್ತ, ನನ್ನಷ್ಟಕ್ಕೇ "ಎಲ್ಲ ಕಾಟು" ಎಂದೆ. ಮಾನಸಿಂಗ್ ಹಿಂದೆಯೇ ಇದ್ದ. ಹಿಂದಿನ ದಿನದ ಬೈಗುಳ ಅವನ ಕಿವಿಯಲ್ಲಿನ್ನೂ ಇತ್ತಲ್ಲ, ವಿನಯದಿಂದ ಕೇಳಿದ:

"ಕಾಟೂಂ?"

ಕಡಿಯಲೇ ಎಂದು ಅವನು ಕೇಳಿದ್ದು. ಮೂರು ದಿನದಲ್ಲಿ ಈತ ನಮ್ಮ ಭಾಷೆಯ ಶಬ್ದ ಕಲಿತುಬಿಟ್ಟನಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದೆ.

"ಹಾಂ, ಹಾಂ. ಕಾಟು" ಎಂದೆ. ಅವನು ಮುಂದಿನ ಪೊದೆ ತೋರಿಸಿದ. ಅದಕ್ಕೂ ಹಾಂ. ಒಂದನ್ನೂ ಬಿಡದೆ ತೋರಿಸಿ ಕೇಳಿದ, ಒಂದನ್ನೂ ಬಿಡದೆ ಹಾಂ ಎಂದೆ. ಆಮೇಲೆ ಊಟಕ್ಕೆ ಹೋದೆ.

ಬಂದು ನೋಡಿದಾಗ ಪೊದೆಗಳಿರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಇದು ಭಾಷೆ ಬಾರದವಳ ಬೇಸ್ತು ಎಂದು ನೀವು ನಕ್ಕು ಬಿಡಬಹುದು. ಆದರೆ ನಾನು ಬೆಚ್ಚಲಿಲ್ಲ, ಗಾಬರಿಪಡಲಿಲ್ಲ. ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು, ಕಲ್ಲಿನ ಅಂಗಡಿಯ ಗರಗಸವೂ ನೆನಪಾಯಿತು. ಆದರೂ ನನಗೆ ಖುಷಿಯೇ ಆಯಿತು. ನಾನು ಬಾಯಿಬಿಟ್ಟು ಹೇಳಬೇಕಾಗಿದ್ದ ಕೆಲಸ ತಾನಾಗಿ ಆಯಿತಲ್ಲ, ಜಾಗ ಚೊಕ್ಕಟವಾಯಿತಲ್ಲ ಎಂದು. ಉಳಿದ ಬುಡಗಳನ್ನು ಕೀಳಿಸಿ, ಆ ಹೊಂಡಗಳನ್ನೇ ಅಗಲಿಸಿ, ಸಂಜೆಯೊಳಗೆ ನನ್ನ ಕೇಪಳ, ನೆಕ್ಕರೆಗಳನ್ನು ನೆಡಿಸಿ, ನೀರು ಹಾಕಿಸಿ, ಕೈ ತೊಳೆದುಕೊಂಡೆ. ಬೆಳಿಗ್ಗೆ ತಾನೇ ನೋಡಿ ಹಿಗ್ಗಲಿ ಎಂದು ಅರ್ಪಿತಾಳಿಗೆ ಹೇಳಲಿಲ್ಲ.

ನರೋಡಾ, ಮರುದಿನ ಬೆಳಿಗ್ಗೆ

ಹಂಸಾಬೆನ್ ಅರ್ಪಿತಾಳ ಜತೆ ಬಂದರು. ಕಟ್ಟೆಯ ಮೇಲೆ ಕೈಯಾಡಿಸಿ, ಸಂದಿಯೊಳಗೆ ಬೆರಳು ತೂರಿಸಿ, ಬಹಳ ಚಂದ ಎಂದರು. ಅಷ್ಟು ಹೊತ್ತು ನಾನು ನೆಲದ ಮೇಲಿರಲಿಲ್ಲ. ಆಮೇಲೆ ಅವರು ಕಟ್ಟೆಯ ಬಳುಕನ್ನೇ ಹಿಡಿದು ನಡೆಯುತ್ತ ಬಂದು, ಕೇಪಳದ ಮುಂದೆ ನಿಂತರು.

"ಮಾರೋ ಆವಳ್ ಕ್ಯಾಂ?" ಎಂದು ಕೇಳಿದರು. ನನ್ನ ಆವಳ್ ಎಲ್ಲಿ ಎಂದು.

ಆವಳ್ ಎಂದರೆ ಆ ಹಳದಿ ಹೂವಿನ ಪೊದೆ. ಬಯಲುಸೀಮೆಯವರು ಆವರಿಕೆ, ತಂಗಡಿ ಎನ್ನುತ್ತಾರಲ್ಲ, ಅದೇ. ಕರಾವಳಿಯವಳಾದ ನಾನು ಹೆಸರು ಕೇಳಿದ್ದೆ, ಗುರುತು ಹಿಡಿಯಲಿಲ್ಲ. ಕಾರ್ಖಾನೆ ಕಟ್ಟುವಾಗ ನೆಲ ಸಪಾಟು ಮಾಡುವ ಯಂತ್ರವನ್ನು ತಡೆದು ನಿಲ್ಲಿಸಿ ಹಂಸಾಬೆನ್ ಉಳಿಸಿಕೊಂಡದ್ದು ಅಷ್ಟು ಪೊದೆಗಳನ್ನು. ಆ ನೆಲದ್ದೇ ಗಿಡ, ಆ ನೆಲದ್ದೇ ಜೇನು. ತೋಟದ ಯೋಚನೆ ಬಂದದ್ದೇ ಅವುಗಳಿಂದ. ನಕ್ಷೆಯ ಹಸಿರು ವೃತ್ತಗಳು ನೆಡುವ ಜಾಗವಾಗಿರಲಿಲ್ಲ, ಅಲ್ಲಿ ಆಗಲೇ ನಿಂತಿದ್ದ ಗಿಡಗಳಾಗಿದ್ದವು. ಕಟ್ಟೆ ಬಳುಕಿದ್ದು ಅವುಗಳನ್ನು ಬಳಸಿಕೊಂಡು ಹೋಗಲಿಕ್ಕೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನನಗೆ ಕಂಡದ್ದು ಗೇಟಿನ ಪಕ್ಕದ ಕಡಿದ ರಾಶಿ. ಹೂವಿನ್ನೂ ಬಾಡಿರಲಿಲ್ಲ. ಅದರ ಮೇಲೆ ಜೇನುಗಳು ಹಾರಾಡುತ್ತಿದ್ದವು, ಕೂತು ಏಳುತ್ತಿದ್ದವು. ನನ್ನ ಕೇಪಳದ ಕಡೆ ಒಂದೂ ಬರಲಿಲ್ಲ.

ಹಂಸಾಬೆನ್ ದನಿ ಏರಿಸಲಿಲ್ಲ. ಯಾರು ಹೇಳಿದ್ದು ಎಂದು ಮಾನಸಿಂಗನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ, ಬಾಯಿ ತೆರೆದ. ಅಷ್ಟರಲ್ಲಿ ಅರ್ಪಿತಾ ಮುಂದೆ ಬಂದಳು. ಅವಳು ಒಮ್ಮೆ ಕೇಪಳವನ್ನು, ಒಮ್ಮೆ ನನ್ನನ್ನು ನೋಡಿದ್ದು ನನಗೆ ನೆನಪಿದೆ. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಭೂಲ್ ಮಾರೀ ಛೇ, ಬೆನ್. ಮೇಂ ಕಹ್ಯುಂ ಹತುಂ" ಎಂದಳು.

ತಪ್ಪು ನನ್ನದು, ನಾನೇ ಹೇಳಿದ್ದು ಎಂದು. ಗುಜರಾತಿ ಬಾರದ ನನಗೂ ಅದು ತಿಳಿಯಿತು. ನಾನು ಸುಮ್ಮನಿದ್ದೆ. ಭಾಷೆ ಇರಲಿಲ್ಲ ಎಂದು ನೆಪ ಹೇಳಬಹುದು. ರೈಲಿನಲ್ಲಿ ಗರಗಸದ ಕಥೆ ಹೇಳಿ ನಗಿಸುವಷ್ಟು ಹಿಂದಿ ನನಗಿತ್ತು. "ಮೈನೇ" ಎಂದು ಎದೆ ಮುಟ್ಟಿಕೊಂಡಿದ್ದರೆ ಸಾಕಿತ್ತು. ಸೆರಗು ಸರಿಮಾಡಿಕೊಂಡ ತಜ್ಞೆಗೆ ಅಷ್ಟೂ ಆಗಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತದೆ.

ಹಂಸಾಬೆನ್, ಕಟ್ಟೆ ಇರಲಿ, ಉಳಿದದ್ದನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ ಎಂದು ಅರ್ಪಿತಾಳಿಗೆ ಹೇಳಿದರು. ನನಗೆ ಕೈ ಮುಗಿದು, ದೂರದಿಂದ ಬಂದಿದ್ದೀರಿ, ಊಟ ಮಾಡಿಕೊಂಡೇ ಹೋಗಬೇಕು ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಕೂತು ಉಂಡೆವು.

ಅಹಮದಾಬಾದ್

ಕಿತ್ತ ಕೇಪಳಗಳನ್ನು ಮತ್ತೆ ಬುಟ್ಟಿಗೆ ತುಂಬಿಕೊಂಡು ರಿಕ್ಷಾದಲ್ಲಿ ಅವಳ ಫ್ಲ್ಯಾಟಿಗೆ ಬಂದೆವು. ಅವಳು ಚಹಾ ಮಾಡಿ ಎದುರು ಕೂತಳು.

"ನೇಟಿವ್ ಅಂದ್ರೆ ನೀವು ಎಂತ ಅಂದ್ಕೊಂಡ್ರಿ ಚಿಕ್ಕಮ್ಮ?"

"ಊರು ಅಲ್ವಾ? ಎಲ್ರೂ ಹಾಗೇ ಅಲ್ವಾ ಹೇಳುದು?"

ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಆಮೇಲೆ ಒರೆಸಿಕೊಳ್ಳುವುದು ಮಾತ್ರ ಉಳಿಯಿತು.

"ಆ ಜಾಗದ್ದೇ ಪ್ಲಾಂಟ್ಸ್ ಅಂತ ನಾನು ಹೇಳಿದ್ದು. ಉಡುಪಿ ನಿಮ್ಮ ನೇಟಿವ್. ನಾನು ಸೂರತ್‌ದವಳು. ನಂಗೆ ಯಾಕೆ ಉಡುಪಿ ಪ್ಲಾಂಟ್ಸ್?"

ಅವಳು ಹುಟ್ಟಿದಂದಿನಿಂದ ನಾವೆಲ್ಲ ಅವಳನ್ನು ಊರಿನಿಂದ ದೂರ ಇರುವ ಹುಡುಗಿ ಎಂದೇ ಕರೆದಿದ್ದೆವು. ಅವಳು ತನ್ನ ಊರಿನಲ್ಲೇ ಇದ್ದಾಳೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ನೀನು ಯಾಕೆ ಹಾಗೆ ಹೇಳಿದ್ದು ಹಂಸಾಬೆನ್ ಹತ್ರ? ನನ್ನ ತಪ್ಪಲ್ವಾ ಅದು?" ಎಂದೆ.

"ಡ್ರಾಯಿಂಗ್ ನಂದು, ಸೈಟ್ ನಂದು. ನಾನು ಅಲ್ಲಿ ಇರ್ಬೇಕಿತ್ತು. ಮತ್ತೆ..." ಅವಳಿಗೆ ಕನ್ನಡ ಸಿಗಲಿಲ್ಲ. ಸ್ವಲ್ಪ ಹುಡುಕಿ, "ನೀವು ಮನೆಯವರು" ಎಂದಳು.

ಆಮೇಲೆ ಮೊಬೈಲು ಹಿಡಿದು ಬಾಲ್ಕನಿಗೆ ಹೋಗಿ, ಕೆಲಸ ಹೋಯಿತು, ತಪ್ಪು ತನ್ನದೇ ಎಂದು ಅಪ್ಪನಿಗೆ ಫೋನು ಮಾಡಿದಳು. ನನ್ನ ಹೆಸರು ಅದರಲ್ಲಿ ಬರಲಿಲ್ಲ. ಬಾಲ್ಕನಿಯಿಂದ ಒಳಗೆ ಬಂದವಳು, "ಚಾಲ್ಸೇ" ಎಂದು ಲೋಟ ತೊಳೆಯಲು ಹೋದಳು. ನಾನು ಅವಳ ಹಿಂದೆ ಅಡಿಗೆಮನೆಯ ಬಾಗಿಲವರೆಗೆ ಹೋಗಿ, ತೊಳೆದ ಲೋಟಗಳನ್ನು ಬಟ್ಟೆಯಲ್ಲಿ ಒರೆಸಿಟ್ಟೆ.

ಮತ್ತೆ ಸೂರತ್

ಊರಿಗೆ ರೈಲು ಹತ್ತುವ ಮುಂಚೆ ಒಂದು ಹಗಲು ಅಕ್ಕನ ಮನೆಯಲ್ಲಿದ್ದೆ. ಅಕ್ಕ ಸೊಪ್ಪಿನ ತಂಬುಳಿ ಮಾಡಿದ್ದಳು. ಭಾವ ಹೋಟೆಲು ಬಿಟ್ಟು ಮನೆಗೇ ಊಟಕ್ಕೆ ಬಂದಿದ್ದರು. ಎರಡು ತುತ್ತು ಆಗುವ ಮೊದಲೇ ಶುರುಮಾಡಿದರು.

"ಯಾವುದು ಗಿಡ ಯಾವುದು ಕಳೆ ಗೊತ್ತಾಗುದಿಲ್ಲ ಅಂದ್ರೆ ಇವಳು ಕಲ್ತದ್ದು ಎಂತ? ನೀನು ಪಕ್ಕದಲ್ಲಿದ್ದೂ ಹೀಗೆ ಮಾಡಿದ್ಲಲ್ಲ. ಆಯ್ತು, ಮುಗೀತು. ಸೋಮವಾರದಿಂದ ಗಲ್ಲದಲ್ಲಿ ಕೂತ್ಕೊಳ್ತೇನೆ ಅಂತ ಅವಳೇ ಹೇಳಿದ್ದಾಳೆ."

ನರೋಡಾದಲ್ಲಿ ಬಾರದ ಮಾತು ಈಗ ಬಂತು, ಕನ್ನಡದಲ್ಲಿ ಹೇಳುವುದಾದ್ದರಿಂದ ಸುಲಭವಾಗಿಯೇ ಬಂತು.

"ಭಾವ, ಅವಳು ಮಾಡಿದ್ದಲ್ಲ. ಕಡಿಸಿದ್ದು ನಾನು. ಅವಳು ಅಲ್ಲಿ ಇರ್ಲೇ ಇಲ್ಲ. ಅವಳು ಹೇಳಿದ್ದು ನನಗೆ ಅರ್ಥವೇ ಆಗ್ಲಿಲ್ಲ."

ಭಾವ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಅವರ ಮುಖ ನಿಧಾನವಾಗಿ ಮೆತ್ತಗಾಯಿತು.

"ನೀನು ಹೀಗೇ ಹೇಳ್ತಿ ಅಂತ ನಂಗೆ ಗೊತ್ತಿತ್ತು" ಎಂದರು.

"ಇಲ್ಲ ಭಾವ, ದೇವರಾಣೆಗೂ ನಾನೇ. ಮೇಸ್ತ್ರಿ ಕೇಳಿದ, ನಾನು ಹಾಂ ಅಂದೆ."

"ಮೂವತ್ತು ವರ್ಷದಿಂದ ಗಿಡದ ಮಧ್ಯೆಯೇ ಇರುವವಳು ನೀನು. ಹೂ ಬಿಟ್ಟ ಗಿಡ ಕಡೀಲಿಕ್ಕೆ ಹೇಳ್ತೀಯಾ? ಯಾರ ಹತ್ರ ಹೇಳ್ತಿ? ಅವಳನ್ನು ವಹಿಸ್ಕೊಳ್ಳುದು ಬೇಡ ಸರಸ. ಅವಳೇ ಒಪ್ಪಿಕೊಂಡದ್ದು ನನ್ನ ಹತ್ರ."

ನಾನು ಮತ್ತೆ ಹೇಳಿದೆ. ಕಾಟು, ಕಾಟೂಂ, ನೇಟಿವ್, ಹಸಿರು ವೃತ್ತ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅದು ಕಟ್ಟಿದ ಕಥೆಯ ಹಾಗೇ ಕೇಳಿಸಿತು. ಭಾವ ಅರ್ಧ ಕೇಳಿ ನಕ್ಕರು, ಮಗುವನ್ನು ಕಾಪಾಡಲು ಎಷ್ಟು ಕಷ್ಟಪಡುತ್ತಿದ್ದಾಳೆ ಎಂದು ಅಕ್ಕನಿಗೆ ಹೇಳಿದರು. ಅಕ್ಕನ ಕಣ್ಣಲ್ಲಿ ನೀರಿತ್ತು. ಅವಳು ನನ್ನ ಬಟ್ಟಲಿಗೆ ಇನ್ನೊಂದು ಸೌಟು ತಂಬುಳಿ ಬಡಿಸಿದಳು.

ಹೊರಡುವಾಗ ದಾರಿಗೆಂದು ಭಾವ ತಾವೇ ಪೊಟ್ಟಣ ಕಟ್ಟಿಕೊಟ್ಟರು. ಮೆಟ್ಟಿಲಲ್ಲಿ ಎದುರಾದ ಪಕ್ಕದ ಫ್ಲ್ಯಾಟಿನವರನ್ನು ನಿಲ್ಲಿಸಿ, ಇವಳು ನನ್ನ ನಾದಿನಿ, ನನ್ನ ಮಗಳು ಮಾಡಿದ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳಲು ನೋಡಿದಳು, ನಮ್ಮ ಊರಿನವರೇ ಹೀಗೆ ಎಂದು ಗುಜರಾತಿಯಲ್ಲಿ ಹೇಳಿ, ನನಗೆ ಕನ್ನಡದಲ್ಲಿ ತಿಳಿಸಿದರು. ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.